ಮಲ್ಲಾಡಿಹಳ್ಳಿಯ ತಿರುಕ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ನಮ್ಮ ಜಿಲ್ಲೆಯ ಹಿರಿಯರೊಬ್ಬರ ಬಗ್ಗೆ ಬರೆದುಕೊಡಬೇಕೆಂದು ಸಮಿತಿಯವರು ಕೇಳಿದರು. ಚಿತ್ರದುರ್ಗ ಜಿಲ್ಲೆಯಲ್ಲಿ ಹಿರಿಯರಿಗೆ ಬರವಿಲ್ಲ. ಕೋಟೆ ಕಟ್ಟಿದ ನಾಯಕರಿದ್ದಾರೆ, ಏಕೀಕರಣಕ್ಕೆ ದುಡಿದ ನಿಜಲಿಂಗಪ್ಪನವರಿದ್ದಾರೆ, ದುರ್ಗದ ಕಥೆಯನ್ನು ಮನೆಮನೆಗೆ ಮುಟ್ಟಿಸಿದ ತ.ರಾ.ಸು. ಇದ್ದಾರೆ. ನಾನು ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯ ಶ್ರೀ ರಾಘವೇಂದ್ರ ಸ್ವಾಮೀಜಿಯವರನ್ನು ಆರಿಸಿಕೊಂಡೆ. ನಮ್ಮ ಶಾಲೆಯ ಬಯಲಿನಲ್ಲಿ ಬೆಳಗಿನ ಹೊತ್ತು ನಾವು ಕಲಿತದ್ದು ಅವರ ಗರಡಿಯಿಂದ ಹರಿದು ಬಂದ ವಿದ್ಯೆ ಎಂಬುದು ಒಂದು ಕಾರಣ. ಹಿಡಿದ ಕೆಲಸವನ್ನು ಕೊನೆಯವರೆಗೂ ಬಿಡದಿರುವುದು ಹೇಗೆ ಎಂಬ ಪ್ರಶ್ನೆಗೆ ಅವರ ಬದುಕಿನಲ್ಲಿ ಉತ್ತರ ಸಿಗುತ್ತದೆ ಎಂಬುದು ಇನ್ನೊಂದು.

ಸ್ವಾಮೀಜಿಯವರು ಹುಟ್ಟಿದ್ದು 1890ರಲ್ಲಿ, ಕರಾವಳಿಯ ಬಾರಕೂರಿನಲ್ಲಿ. ಆಗಿನ ಹೆಸರು ಕುಮಾರಸ್ವಾಮಿ. ಎಳವೆಯಲ್ಲಿ ಕಾಯಿಲೆ ಕಾಡಿದ ಹುಡುಗ. ಅಂಥ ಹುಡುಗನಿಗೆ ಗಟ್ಟಿಮುಟ್ಟಾಗಬೇಕೆಂಬ ಆಸೆ ಸಹಜ. ಆದರೆ ಆಸೆಯೊಂದರಿಂದಲೇ ಮೈ ಗಟ್ಟಿಯಾಗುವುದಿಲ್ಲ. ಅವರು ಕುಸ್ತಿಯ ಕಡೆ, ಅಂಗಸಾಧನೆಯ ಕಡೆ ಹೊರಳಿದರು. ಮುಂದೆ ಗುರುಗಳನ್ನು ಹುಡುಕಿಕೊಂಡು ಉತ್ತರದವರೆಗೂ ಹೋದರು. ಬರೋಡಾದ ಮಾಣಿಕರಾವ್ ಅವರ ಬಳಿ ವ್ಯಾಯಾಮ ಕಲಿತರು. ಯೋಗವನ್ನೂ ಆಯುರ್ವೇದವನ್ನೂ ಅಭ್ಯಾಸ ಮಾಡಿದರು.

ಮಾಣಿಕರಾವ್ ಅವರ ಬಗ್ಗೆ ಒಂದು ಮಾತು ಹೇಳಬೇಕು. ಅವರ ಉಸ್ತಾದ್ ಜುಮ್ಮಾದಾದಾ. ಗುರು ಮುಸಲ್ಮಾನರು, ಶಿಷ್ಯ ಹಿಂದೂ. ಗುರುವಿನ ಹೆಸರಿನಲ್ಲೇ ಬರೋಡಾದ ಜುಮ್ಮಾದಾದಾ ವ್ಯಾಯಾಮ ಮಂದಿರ ನಡೆಯಿತು. ಗರಡಿಯೊಳಗೆ ಒಬ್ಬೊಬ್ಬರೇ ಬೆವರು ಸುರಿಸುತ್ತಿದ್ದ ಸಾಧನೆಯನ್ನು ಮಾಣಿಕರಾವ್ ಬಯಲಿಗೆ ತಂದು, ನೂರಾರು ಹುಡುಗರು ಸಾಲಾಗಿ ನಿಂತು ಒಂದೇ ಎಣಿಕೆಗೆ ಮೈ ಬಗ್ಗಿಸುವ ಸಾಮೂಹಿಕ ವ್ಯಾಯಾಮವಾಗಿ ಬೆಳೆಸಿದರು. ಅದಕ್ಕೆ ನಮ್ಮ ದೇಶದ ಮಾತಿನಲ್ಲೇ ಆಜ್ಞೆಗಳನ್ನು ರೂಪಿಸಿದರು. ಒಬ್ಬನೇ ಮಾಡಿದರೆ ದಂಡನೆಯಂತೆ ಕಾಣುವ ದಂಡ ಬೈಠಕ್ಕು, ನೂರು ಜನರ ನಡುವೆ ಕುಣಿತದಂತೆ ಕಾಣುತ್ತದೆ. ಈ ಗುಟ್ಟನ್ನು ಬಲ್ಲ ಪರಂಪರೆಯಲ್ಲಿ ನಮ್ಮ ಸ್ವಾಮೀಜಿಯವರು ಪಳಗಿದರು.

ಆಮೇಲೆ ಅವರ ಕೆಲಸವೇ ಶಿಬಿರಗಳಾದವು. ಊರೂರಿಗೆ ಹೋಗುವುದು, ಹುಡುಗರನ್ನೂ ದೊಡ್ಡವರನ್ನೂ ಬೆಳಗಿನ ಜಾವ ಕೂಡಿಸುವುದು, ಆಸನ, ಸೂರ್ಯನಮಸ್ಕಾರ, ಪ್ರಾಣಾಯಾಮ ಕಲಿಸುವುದು, ಮುಂದಿನ ಊರಿಗೆ ಹೊರಡುವುದು. ಹೀಗೆ ಕಲಿತವರು ನಾಡಿನಲ್ಲಿ ಲಕ್ಷಾಂತರ ಮಂದಿ. 1943ರಲ್ಲಿ ಅಂಥದೇ ಶಿಬಿರಕ್ಕೆ ಮಲ್ಲಾಡಿಹಳ್ಳಿಗೆ ಬಂದರು, ಬಂದವರು ಇಲ್ಲೇ ನಿಂತರು. ಆಗ ಅವರಿಗೆ 53 ವರ್ಷ. ಸರ್ಕಾರಿ ನೌಕರರಾದ ನಾವು ಪಿಂಚಣಿಯ ಲೆಕ್ಕ ಶುರುಮಾಡುವ ವಯಸ್ಸು. ಅವರು ಅನಾಥ ಸೇವಾಶ್ರಮವನ್ನು ಶುರುಮಾಡಿದರು. 1996ರ ಆಗಸ್ಟ್ 31ರಂದು ತೀರಿಕೊಳ್ಳುವವರೆಗೆ ಮತ್ತೆ 53 ವರ್ಷ ಅದನ್ನು ನಡೆಸಿದರು. ಬದುಕಿನ ಸರಿಯರ್ಧ ನಮ್ಮ ತಾಲ್ಲೂಕಿನ ಒಂದು ಪುಟ್ಟ ಹಳ್ಳಿಗೆ ಸಂದಿತು. ಶಾಲೆ, ಆಸ್ಪತ್ರೆ, ಆಯುರ್ವೇದ ಕಾಲೇಜು, ದೈಹಿಕ ಶಿಕ್ಷಣ ಕಾಲೇಜು ಎಲ್ಲವೂ ಆ ಹಳ್ಳಿಗೆ ಬಂದವು.

ಇಷ್ಟನ್ನೆಲ್ಲ ಕಟ್ಟಲು ದುಡ್ಡೆಲ್ಲಿತ್ತು? ಬೇಡಬೇಕಿತ್ತು. ಕೈಚಾಚುವುದು ಎಂಥವರಿಗೂ ಮುಜುಗರದ ಕೆಲಸ. ಒಂದು ಸಲ ಬೇಡಿದವನು ಎರಡನೇ ಸಲ ಆ ಮನೆಯ ಮುಂದೆ ಹಾಯುವುದಿಲ್ಲ. ಸ್ವಾಮೀಜಿಯವರು ಅದನ್ನೇ ತಮ್ಮ ಹೆಸರು ಮಾಡಿಕೊಂಡರು. ತಿರುಕ ಎಂಬ ಕಾವ್ಯನಾಮದಲ್ಲಿ ಬರೆದರು. ಯೋಗ, ಆಯುರ್ವೇದದ ಪುಸ್ತಕಗಳ ಜೊತೆಗೆ ನಾಟಕಗಳನ್ನೂ ಬರೆದರು. ನಾನು ತಿರುಕ ಎಂದು ಮೊದಲೇ ನಗುತ್ತಾ ಸಾರಿಕೊಂಡವನನ್ನು ತಿರುಕ ಎಂದು ಹಂಗಿಸುವುದು ಯಾರಿಂದ ಸಾಧ್ಯ? ಅವಮಾನದ ಮುಳ್ಳನ್ನು ಕಿತ್ತುಹಾಕಿ ಜೋಳಿಗೆಯನ್ನು ಹಗುರ ಮಾಡಿಕೊಂಡ ಬಗೆ ಇದು ಎಂದು ನನಗೆ ತೋರುತ್ತದೆ. ಹಗುರವಾಗಿದ್ದುದರಿಂದಲೇ ಅಷ್ಟು ವರ್ಷ ಹೊರಲು ಆಯಿತು.

ಸ್ವಾಮೀಜಿಯವರ ಛಲವನ್ನು ಎಲ್ಲರೂ ಹೊಗಳುತ್ತಾರೆ. ಛಲವಿತ್ತು, ನಿಜ. ಆದರೆ ಬರೀ ಛಲದ ಮೇಲೆ ಐವತ್ತು ವರ್ಷ ಬೆಳಗಿನ ಜಾವ ಏಳಲಾಗುವುದಿಲ್ಲ. ಹಲ್ಲು ಕಚ್ಚಿ ಮಾಡುವ ಕೆಲಸ ಹಲ್ಲು ನೋಯುವವರೆಗೆ ಮಾತ್ರ ನಡೆಯುತ್ತದೆ. ಯುಗಾದಿಯ ದಿನ ಬೇವುಬೆಲ್ಲ ತಿಂದು ಸಂಕಲ್ಪ ಮಾಡಿದವರಲ್ಲಿ ಎಷ್ಟು ಮಂದಿ ಬಸವ ಜಯಂತಿಯವರೆಗೆ ಉಳಿಯುತ್ತಾರೆ? ಆರಂಭಶೂರರಿಗೆ ಗುರಿ ಇರುವುದಿಲ್ಲವೆಂದಲ್ಲ. ಗುರಿ ದೂರದಲ್ಲಿರುತ್ತದೆ, ಇವತ್ತಿನ ಪಾಲಿಗೆ ಬರೀ ಕಷ್ಟ ಇರುತ್ತದೆ. ದೂರದ ಫಲಕ್ಕಾಗಿ ಇವತ್ತಿನ ಕಷ್ಟ ನುಂಗುವುದು ನಾಲ್ಕು ದಿನ ಸಾಧ್ಯ. ಇವತ್ತಿನ ಕೆಲಸದಲ್ಲೇ ಇವತ್ತಿನ ಸಂತೋಷ ಸಿಕ್ಕರೆ ನಾಳೆ ಯಾರೂ ಕರೆಯದೆಯೇ ಕಾಲು ಬಯಲಿಗೆ ಬರುತ್ತದೆ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ, ನಮ್ಮ ಡ್ರಿಲ್ ಮೇಷ್ಟ್ರಿಂದ ಕಲಿತೆ. ಅವರು ಮಲ್ಲಾಡಿಹಳ್ಳಿಯಲ್ಲಿ ತರಬೇತಾದವರು. ಹಳೆಯ ವಿದ್ಯಾರ್ಥಿಗಳಿಗೆ ಹೆಸರು ಹೇಳಬೇಕಾಗಿಲ್ಲ, ಅವರ ಸೀಟಿಯ ಸದ್ದೇ ನೆನಪಿಗೆ ಬರುತ್ತದೆ. ಅವರು ಒಂದು ದಿನವೂ ಆರೋಗ್ಯದ ಮಹತ್ವದ ಮೇಲೆ ಭಾಷಣ ಮಾಡಲಿಲ್ಲ. ಮೊದಲ ವಾರ ಒಂದೇ ಒಂದು ಸೂರ್ಯನಮಸ್ಕಾರ, ಅದರ 12 ಭಂಗಿಗಳು, ಅಷ್ಟೇ. ಇನ್ನೊಂದು ಮಾಡೋಣ ಸಾರ್ ಎಂದು ನಾವೇ ಕೇಳುವವರೆಗೆ ಎರಡನೆಯದಕ್ಕೆ ಬಿಡುತ್ತಿರಲಿಲ್ಲ. ಎಣಿಕೆಯನ್ನು ದಿನಕ್ಕೊಬ್ಬ ಹುಡುಗ ಕೂಗಬೇಕು. ತರಗತಿಯಲ್ಲಿ ಬಾಯಿ ಬಿಡದ ಹುಡುಗನೂ ತನ್ನ ಸರದಿಯ ದಿನ ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದ. ಶನಿವಾರ ಲೇಜಿಮ್. ಆ ಝಣ್ ಝಣ್ ಸದ್ದಿಗೆ ಹೊಲಕ್ಕೆ ಹೊರಟ ರೈತರೂ ಬೇಲಿ ಪಕ್ಕ ಎತ್ತು ನಿಲ್ಲಿಸಿಕೊಂಡು ನೋಡುತ್ತಿದ್ದರು. ಆಗಸ್ಟ್ 15ಕ್ಕೆ ಊರ ಮುಂದೆ ಪ್ರದರ್ಶನ. ಮಲ್ಲಕಂಬ ಏರಿ ತಲೆಕೆಳಗಾಗಿ ನಿಂತ ಮಗನನ್ನು ನೋಡಿ ಅವ್ವಂದಿರು ಹೆದರಿ ಸೆರಗು ಬಾಯಿಗಿಟ್ಟುಕೊಂಡರೂ ಕಣ್ಣಲ್ಲಿ ಹೆಮ್ಮೆ ಇರುತ್ತಿತ್ತು.

ಈಗ ಯೋಚಿಸಿದರೆ ಮೇಷ್ಟ್ರ ಲೆಕ್ಕ ಅರ್ಥವಾಗುತ್ತದೆ. ಕೈಗೆಟಕುವಷ್ಟು ಚಿಕ್ಕ ಪಾಲು, ಜೊತೆಗೆ ಜನ, ಎಲ್ಲರಿಗೂ ಒಂದು ಸರದಿ, ವಾರಕ್ಕೊಂದು ಹೊಸತು, ನೋಡಿ ಭೇಷ್ ಎನ್ನುವ ಊರು. ಮೈ ಗಟ್ಟಿಯಾಗುವುದು ಇವುಗಳ ಹಿಂದೆ ತಾನಾಗಿ ಬರುತ್ತಿತ್ತು.

ನಾನು ಮೇಷ್ಟ್ರಾಗಿ ಹೊಸದುರ್ಗ, ಹಿರಿಯೂರು, ಚಿತ್ರದುರ್ಗ ಸುತ್ತಿದೆ. ಹಿರಿಯೂರಿನಲ್ಲಿದ್ದಾಗ ಸಕ್ಕರೆ ಕಾಯಿಲೆ ತಿಳಿಯಿತು. ಡಾಕ್ಟರು ಮಾತ್ರೆಯ ಜೊತೆಗೆ ವ್ಯಾಯಾಮವನ್ನೂ ಬರೆದುಕೊಟ್ಟರು. ನಾನು ಮೊದಲು ಹುಡುಕಿದ್ದು ಜೊತೆಗಾರರನ್ನು. ಸಹೋದ್ಯೋಗಿಗಳು ಮೂವರು ಸಿಕ್ಕರು. ಬೆಳಿಗ್ಗೆ ಬಯಲಿನಲ್ಲಿ ನಮಸ್ಕಾರ, ಸರದಿಯ ಎಣಿಕೆ, ಮುಗಿದ ಮೇಲೆ ಒಬ್ಬೊಬ್ಬರು ಒಂದೊಂದು ಕಥೆ ಹೇಳಬೇಕೆಂಬ ನಿಯಮ. ಅರ್ಧಕ್ಕೆ ನಿಂತ ಕಥೆಗಾಗಿ ಮಳೆಯಲ್ಲೂ ಬಂದವರಿದ್ದಾರೆ. ನಿವೃತ್ತನಾಗಿ ಊರಿಗೆ ಬಂದ ಮೇಲೂ ಈ ಅಭ್ಯಾಸ ನಿಂತಿಲ್ಲ. ಮಾತ್ರೆಯೂ ನಡೆದಿದೆ, ನಮಸ್ಕಾರವೂ ನಡೆದಿದೆ.

ಆದರೆ ನಮ್ಮ ಶಾಲೆಯ ಬಯಲು ಈಗ ಬೆಳಿಗ್ಗೆ ಖಾಲಿ. ಆಟದ ಪೀರಿಯಡ್ಡು ಗಣಿತಕ್ಕೋ ವಿಜ್ಞಾನಕ್ಕೋ ಹೋಗಿದೆ. ಪರೀಕ್ಷೆಯ ಫಲಿತಾಂಶ ಬೇಕು, ಶಿಕ್ಷಕರ ಕಷ್ಟ ನನಗೆ ಗೊತ್ತು. ಮಕ್ಕಳ ಕೈಗೆ ಮೊಬೈಲು ಬಂದಿದೆ. ಊರಲ್ಲಿ ನಲವತ್ತಕ್ಕೇ ಸಕ್ಕರೆ, ಬಿ.ಪಿ. ಎನ್ನುವವರು ಮನೆಗೊಬ್ಬರಂತೆ ಕಾಣುತ್ತಾರೆ. ಸ್ವಾಮೀಜಿಯವರು ನೆಲೆ ನಿಂತ ತಾಲ್ಲೂಕಿನಲ್ಲಿ ಹೀಗಾಗುವುದು ನನಗೆ ನೋವಿನ ಸಂಗತಿ.

ಅದಕ್ಕೇ ಈ ಸಂಚಿಕೆಯ ಮೂಲಕ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಬೇಡಿಕೆ. ಮಹೋತ್ಸವಕ್ಕೆ ಕಮಾನು, ರಂಗಮಂದಿರ ಎಲ್ಲವೂ ಆಗಲಿ. ಜೊತೆಗೆ ಇಪ್ಪತ್ತು ಜೊತೆ ಲೇಜಿಮ್, ಒಂದು ಮಲ್ಲಕಂಬ, ಒಂದು ಡೋಲು ಕೊಡಿಸೋಣ. ಊರಲ್ಲೇ ಇರುವ ನಾವು ಕೆಲವರು ವಾರಕ್ಕೆರಡು ಬೆಳಿಗ್ಗೆ ಬಯಲಿಗೆ ಬರುತ್ತೇವೆ. ಮಕ್ಕಳು ಬರಲಿ, ಅವರ ಅಪ್ಪ ಅವ್ವಂದಿರೂ ಬರಲಿ. ಮೊದಲ ವಾರ ಒಂದೇ ನಮಸ್ಕಾರ. ಎಣಿಕೆ ಕೂಗುವ ಸರದಿ ತೀರಾ ಚಿಕ್ಕ ಮಗುವಿನಿಂದ ಶುರುವಾಗಲಿ. ಇದಕ್ಕೆ ಬೇಕಾದ ದುಡ್ಡಿಗೆ ಜೋಳಿಗೆ ಹಿಡಿಯಲು ನನಗೇನೂ ನಾಚಿಕೆಯಿಲ್ಲ. ತಿರುಕನ ತಾಲ್ಲೂಕಿನವನು ನಾನು.