ಬಳೆ ಮಲಾರ ಹೊತ್ತ ಹಾಡುಗಾರ: ಕೈವಾರ ತಾತಯ್ಯ

ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು ಕಡೆ ಓಡಾಡಿದವರು ಒಂದು ಫೋಟೋ ನೋಡೇ ಇರ್ತೀರಾ. ಬಸ್ಸಿನಲ್ಲಿ ಡ್ರೈವರ್ ಮುಂದೆ, ಬೇಕರಿಯಲ್ಲಿ ಗಲ್ಲಾಪೆಟ್ಟಿಗೆ ಮೇಲೆ, ಬಿಳಿ ಗಡ್ಡದ ಒಬ್ಬ ಅಜ್ಜ. ಅವರೇ ಕೈವಾರ ತಾತಯ್ಯ, ಅಂದರೆ ಯೋಗಿ ನಾರೇಯಣ. ನಮ್ಮಲ್ಲಿ ತುಂಬಾ ಜನಕ್ಕೆ ಅವರು ಬರೀ ದೇವರ ಫೋಟೋ. ಆದರೆ ಅವರು ಮೊದಲು ಒಬ್ಬ ಬಳೆ ವ್ಯಾಪಾರಿ, ಆಮೇಲೆ ಹಳ್ಳಿ ಜನಕ್ಕೋಸ್ಕರ ಹಾಡು ಕಟ್ಟಿದ ಕವಿ. ಆ ಕಥೆ ನಮ್ಮ ಕ್ಯಾಂಪಸ್‌ನವರಿಗೂ ಗೊತ್ತಿರಬೇಕು ಅಂತ ಈ ಲೇಖನ.

ಕೈವಾರ ಇರೋದು ಚಿಂತಾಮಣಿ ತಾಲ್ಲೂಕಿನಲ್ಲಿ. ಮಹಾಭಾರತದ ಏಕಚಕ್ರಪುರ ಇದೇ, ಭೀಮ ಬಕಾಸುರನನ್ನು ಕೊಂದದ್ದು ಇಲ್ಲೇ ಅಂತ ಊರವರು ಹೇಳ್ತಾರೆ. ಊರಲ್ಲಿ ಅಮರನಾರಾಯಣ ಸ್ವಾಮಿಯ ಹಳೆಯ ದೇವಸ್ಥಾನ ಇದೆ. ಇದೇ ಊರಿನ ಬಲಿಜ ಕುಟುಂಬವೊಂದರಲ್ಲಿ, ಕೊಂಡಪ್ಪ ಮತ್ತು ಮುದ್ದಮ್ಮ ದಂಪತಿಗೆ ಹುಟ್ಟಿದ ಮಗು ನಾರಣಪ್ಪ. ಸಂಪ್ರದಾಯದ ಲೆಕ್ಕದಲ್ಲಿ ಅವರು ಹುಟ್ಟಿದ್ದು 1726ರಲ್ಲಿ, ದೇಹ ಬಿಟ್ಟದ್ದು 1836ರಲ್ಲಿ. ಅಂದರೆ 110 ವರ್ಷದ ಬದುಕು.

ಮನೆತನದ ಕಸುಬು ಬಳೆ ವ್ಯಾಪಾರ. ಮಲಾರ ಹೆಗಲಿಗೆ ಹಾಕಿಕೊಂಡು ಹಳ್ಳಿ ಹಳ್ಳಿ ತಿರುಗಬೇಕು. ಬಳೆಗಾರನಿಗೆ ಮಾತ್ರ ಸಿಗೋ ಒಂದು ಅವಕಾಶ ಇದೆ, ಯೋಚನೆ ಮಾಡಿ. ಅವನು ಯಾವ ಬೀದಿಗೂ ಹೋಗ್ತಾನೆ, ಯಾವ ಮನೆ ಜಗುಲಿ ಮೇಲೂ ಕೂರ್ತಾನೆ, ಹೆಣ್ಣುಮಕ್ಕಳ ಕೈ ಹಿಡಿದು ಬಳೆ ತೊಡಿಸುವಾಗ ಅವರ ಸುಖ ದುಃಖ ಕೇಳ್ತಾನೆ. ತಾತಯ್ಯನವರ ಹಾಡುಗಳಲ್ಲಿ ಹಳ್ಳಿಯ ಆಡುಮಾತು ಅಷ್ಟು ಸಲೀಸಾಗಿ ಬರೋದಕ್ಕೆ ಈ ತಿರುಗಾಟವೇ ಕಾರಣ ಅಂತ ನಮಗೆ ಅನ್ನಿಸುತ್ತೆ.

ಆದರೆ ವ್ಯಾಪಾರಿಯಾಗಿ ಅವರು ಪೂರ್ತಿ ಫೇಲ್! ದುಡ್ಡಿಲ್ಲ ಅಂದವರಿಗೂ ಬಳೆ ತೊಡಿಸಿ ಬಂದುಬಿಡ್ತಿದ್ದರಂತೆ. ಮನೆಯಲ್ಲಿ ಹೆಂಡತಿ ಮುನಿಯಮ್ಮ, ಮಕ್ಕಳು. ಸಂಜೆ ಖಾಲಿ ಮಲಾರ, ಖಾಲಿ ಕೈ. ಮುನಿಯಮ್ಮ ಬೈತಿದ್ದರು ಅಂತ ಕಥೆ ಹೇಳುವವರು ನಗ್ತಾರೆ. ನಮಗೆ ಅಲ್ಲಿ ನಗು ಬರಲ್ಲ. ಒಲೆ ಉರಿಸಬೇಕಾದವರು ಅವರು. ಒಬ್ಬರು ಸಂತರಾಗೋದಕ್ಕೆ ಇನ್ನೊಬ್ಬರು ಮನೆ ನಡೆಸಿದ ಕಷ್ಟವೂ ಈ ಜೀವನಚರಿತ್ರೆಯ ಭಾಗವೇ.

ಹೀಗಿದ್ದಾಗ ಅವರಿಗೆ ಒಬ್ಬ ಗುರು ಸಿಕ್ಕಿದರು. ಜನ ಅವರನ್ನು ಪರದೇಶಿ ಸ್ವಾಮಿ ಅಂತ ಕರೀತಾರೆ. ಅವರು ಅಷ್ಟಾಕ್ಷರಿ ಮಂತ್ರ ಉಪದೇಶ ಮಾಡಿ, ಒಂದು ಬೆಣಚುಕಲ್ಲು ಕೊಟ್ಟು, ಇದನ್ನು ಬಾಯಲ್ಲಿಟ್ಟುಕೊಂಡು ಕಲ್ಲುಸಕ್ಕರೆ ಆಗೋವರೆಗೆ ಜಪ ಮಾಡು ಅಂದರಂತೆ. ನಾರಣಪ್ಪ ಕೈವಾರದ ಬೆಟ್ಟದ ಗುಹೆ ಸೇರಿದರು. ವರ್ಷಗಟ್ಟಲೆ ಕೂತ ಮೇಲೆ ಒಂದು ದಿನ ಕಲ್ಲು ಕರಗಿ ಸಿಹಿಯಾಯ್ತು ಅನ್ನೋದು ನಂಬಿಕೆ. ಕೆಮಿಸ್ಟ್ರಿ ಓದಿರೋ ನಾವು ಇದನ್ನು ಹೇಗೆ ತಗೋಬೇಕು? ಲ್ಯಾಬ್ ರಿಪೋರ್ಟ್ ಥರ ಅಲ್ಲ. ಒಂದೇ ಕೆಲಸವನ್ನು ಫಲ ಕಾಣೋವರೆಗೆ ಬಿಡದೆ ಮಾಡಿದ ಮನುಷ್ಯನ ನೆನಪನ್ನು ಜನ ಈ ರೂಪದಲ್ಲಿ ಇಟ್ಟುಕೊಂಡಿದ್ದಾರೆ.

ಗುಹೆಯಿಂದ ಬಂದವರು ಬಳೆಗಾರ ನಾರಣಪ್ಪ ಅಲ್ಲ, ಹಾಡುವ ನಾರೇಯಣ ಯೋಗಿ. ಊರ ದೇವರ ಹೆಸರನ್ನೇ ಅಂಕಿತ ಮಾಡಿಕೊಂಡು, ಅಮರ ನಾರೇಯಣ ಅಂತ ಮುಗಿಯೋ ಕೀರ್ತನೆಗಳನ್ನು ಕಟ್ಟಿದರು. ತತ್ವಪದಗಳು, ಶತಕಗಳು, ಮುಂದೆ ಏನಾಗುತ್ತೆ ಅಂತ ಹೇಳೋ ಕಾಲಜ್ಞಾನ, ಎಲ್ಲ ಬಂತು. ದೇಹ ನಿಲ್ಲಲ್ಲ, ಗುರು ಬೇಕು, ಜಾತಿ ಹೆಮ್ಮೆ ಸುಳ್ಳು, ಒಳಗೆ ಕೊಳೆ ಇಟ್ಟುಕೊಂಡು ಹೊರಗೆ ಮಡಿ ಮಾಡಿದರೆ ಉಪಯೋಗ ಇಲ್ಲ ಅನ್ನೋ ಮಾತುಗಳನ್ನು ರಾಗ ತಾಳಕ್ಕೆ ಹೊಂದಿಸಿದರು.

ಆ ಕಾಲ ಎಂಥದ್ದು ಅಂತಲೂ ನೋಡಬೇಕು. ಅವರ ಆಯುಷ್ಯದಲ್ಲಿ ಈ ಸೀಮೆ ಪಾಳೇಗಾರರ ಕೈಯಿಂದ ಹೈದರಾಲಿಗೆ, ಆಮೇಲೆ ಟಿಪ್ಪುವಿಗೆ ಹೋಯ್ತು. 1791ರಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ನಂದಿ ಕೋಟೆ ಹಿಡಿಯಿತು. 1799ರಲ್ಲಿ ಟಿಪ್ಪು ಸತ್ತ ಮೇಲೆ ರಾಜ್ಯ ಮೈಸೂರು ಒಡೆಯರಿಗೆ ಬಂತು, 1831ರಲ್ಲಿ ಆಡಳಿತ ಬ್ರಿಟಿಷರ ಕೈಗೆ ಹೋಯ್ತು. ಇಷ್ಟು ಧ್ವಜಗಳು ಬದಲಾದ ನೆಲದಲ್ಲಿ ನಿಂತು, ಯಾವುದೂ ಸ್ಥಿರ ಅಲ್ಲ ಅಂತ ಒಬ್ಬ ಹಾಡಿದರೆ ಜನಕ್ಕೆ ಅದು ವೇದಾಂತ ಮಾತ್ರ ಆಗಿರಲ್ಲ, ಕಣ್ಣಾರೆ ಕಂಡ ವಿಷಯ ಆಗಿರುತ್ತೆ.

ಈಗ ಒಂದು ಪ್ರಶ್ನೆ. ನಮ್ಮ ಕ್ಲಬ್ ಮೀಟಿಂಗ್‌ನಲ್ಲೂ ಇದು ಬಂತು. ತಾತಯ್ಯ ಕನ್ನಡದಲ್ಲೂ ಹಾಡಿದ್ದಾರೆ, ಆದರೆ ಹೆಚ್ಚಿನ ಹಾಡುಗಳು ತೆಲುಗಿನಲ್ಲಿವೆ. ಹಾಗಿದ್ದರೆ ಕನ್ನಡ ಸಂಘದ ಪತ್ರಿಕೆಯಲ್ಲಿ ಅವರ ಬಗ್ಗೆ ಯಾಕೆ?

ಉತ್ತರ ಈ ಜಿಲ್ಲೆಯ ಮನೆಗಳಲ್ಲೇ ಇದೆ. ಗೌರಿಬಿದನೂರು ತಾಲ್ಲೂಕಿನ ನಗರಗೆರೆ ಹೋಬಳಿಯನ್ನೇ ತಗೊಳ್ಳಿ. ಆಂಧ್ರದ ಗಡಿ ಪಕ್ಕದಲ್ಲೇ. ಆ ಕಡೆಯ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಓದು ಬರಹ ಕನ್ನಡ. ಭಜನೆ ಮನೆಯಲ್ಲಿ ತಾತಯ್ಯನ ತೆಲುಗು ಹಾಡನ್ನು ಕನ್ನಡ ಲಿಪಿಯ ಪುಸ್ತಕ ನೋಡಿಕೊಂಡು ಹಾಡ್ತಾರೆ. ಇದು ತೆಲುಗೋ ಕನ್ನಡವೋ ಅಂತ ಹಾಡೋರು ಯಾರೂ ಕೇಳಲ್ಲ. ನಮ್ಮ ಹಾಸ್ಟೆಲ್‌ನಲ್ಲಿ ಮಾತ್ರ ಅಮ್ಮನ ಫೋನ್ ಬಂದರೆ ತೆಲುಗು ಮಾತಾಡೋಕೆ ಕಾರಿಡಾರ್ ಕೊನೆಗೆ ಹೋಗೋ ಫ್ರೆಂಡ್ಸ್ ಇದ್ದಾರೆ. ಕನ್ನಡದವರು ಏನಂದುಕೊಳ್ತಾರೋ ಅಂತ ಅವರಿಗೆ ಮುಜುಗರ. ಇಂಗ್ಲಿಷ್ ಮೀಡಿಯಂನಲ್ಲಿ ಓದಿ, ಕನ್ನಡವನ್ನೇ ತಡವರಿಸಿ ಬರೆಯೋ ನಾವು ಅವರನ್ನು ಅಳೆಯೋದು ಯಾವ ನ್ಯಾಯ? ಎರಡು ಭಾಷೆಯಲ್ಲಿ ಬದುಕಿದ ತಾತಯ್ಯ ಕನ್ನಡ ನೆಲದ ಕವಿ ಆಗಬಹುದಾದರೆ, ಆ ಫ್ರೆಂಡ್ಸ್ ಕೂಡ ಈ ಕ್ಲಬ್ಬಿನ ಪೂರ್ತಿ ಸದಸ್ಯರೇ.

ತಾತಯ್ಯನವರ ಸಮಾಧಿ ಕೈವಾರದ ಮಠದಲ್ಲೇ ಇದೆ. 1961ರಲ್ಲಿ ಡಾ. ರಾಜ್‌ಕುಮಾರ್ ಅಭಿನಯದ ಕೈವಾರ ಮಹಾತ್ಮೆ ಸಿನಿಮಾ ಬಂತು. 1962ರಲ್ಲಿ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು ಕಟ್ಟಿದ ಎಂ.ಎಸ್. ರಾಮಯ್ಯನವರೇ ಈ ಮಠಕ್ಕೂ ಹೊಸ ರೂಪ ಕೊಟ್ಟರು ಅನ್ನೋದು ನಮ್ಮಂಥವರಿಗೆ ಖುಷಿಯ ವಿಷಯ. ಪ್ರತಿ ವರ್ಷ ಗುರುಪೂರ್ಣಿಮೆಗೆ ಅಲ್ಲಿ ಮೂರು ದಿನ ಹಗಲು ರಾತ್ರಿ ಸಂಗೀತೋತ್ಸವ. ದೊಡ್ಡ ವಿದ್ವಾಂಸರೂ ಬರ್ತಾರೆ, ಹೊಲದ ಕೆಲಸ ಮುಗಿಸಿ ಬಂದ ಭಜನೆ ತಂಡದವರೂ ಹಾಡ್ತಾರೆ.

ಆ ಕಾಲದಲ್ಲಿ ರೆಕಾರ್ಡಿಂಗ್ ಇರಲಿಲ್ಲ. ಹಾಡು ಉಳಿದದ್ದು ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ. ಈಗಲೂ ನಮ್ಮ ಊರುಗಳ ಭಜನೆ ಮನೆಗೆ ಹೋದರೆ ಮುಂದೆ ಕೂತು ಹಾಡೋರು ಹೆಚ್ಚಾಗಿ ವಯಸ್ಸಾದವರೇ. ಎಷ್ಟೋ ಹಾಡಿನ ಧಾಟಿ ಅವರಿಗೆ ಮಾತ್ರ ಗೊತ್ತು. ಸಾಹಿತ್ಯ ಪುಸ್ತಕದಲ್ಲಿ ಸಿಗಬಹುದು, ಧಾಟಿ ಸಿಗಲ್ಲ. ನಮ್ಮ ಜೇಬಲ್ಲಿ ಮೊಬೈಲ್ ಇದೆ. ಮುಂದಿನ ರಜಕ್ಕೆ ಊರಿಗೆ ಹೋದಾಗ ಅಜ್ಜ ಅಜ್ಜಿಯನ್ನು ಕೂರಿಸಿ, ಒಪ್ಪಿಗೆ ಕೇಳಿ, ಒಂದು ಹಾಡು ರೆಕಾರ್ಡ್ ಮಾಡಿಕೊಂಡು ಬನ್ನಿ. ಆಗಿದ್ದರೆ ಒಂದು ಸಾಲು ಕಲಿತೂ ಬನ್ನಿ. ತೆಲುಗಾದರೂ ಸರಿ, ಕನ್ನಡವಾದರೂ ಸರಿ, ಕ್ಲಬ್ ರೂಮಿನಲ್ಲಿ ಎಲ್ಲರೂ ಕೂತು ಕೇಳೋಣ.