ಟಾಟ್ಸಿಯೊ ನುವೊಲಾರಿ

ಟಾಟ್ಸಿಯೊ ಜಾರ್ಜೊ ನುವೊಲಾರಿ (ನವೆಂಬರ್ 16, 1892 – ಆಗಸ್ಟ್ 11, 1953) ಇಟಲಿಯ ಪ್ರಸಿದ್ಧ ಮೋಟಾರ್ ಸೈಕಲ್ ಹಾಗೂ ಕಾರು ಸ್ಪರ್ಧಿ. ಎರಡು ಮಹಾಯುದ್ಧಗಳ ನಡುವಿನ ಕಾಲದ ಶ್ರೇಷ್ಠ ಚಾಲಕರಲ್ಲಿ ಒಬ್ಬರೆಂದು ಅವರನ್ನು ಪರಿಗಣಿಸಲಾಗುತ್ತದೆ.

ಆರಂಭಿಕ ಜೀವನ

ನುವೊಲಾರಿ ಅವರು ಉತ್ತರ ಇಟಲಿಯ ಮಾಂಟುವಾ ನಗರದ ಸಮೀಪದ ಕಾಸ್ಟೆಲ್ ಡಾರಿಯೊದಲ್ಲಿ ಜನಿಸಿದರು. ಚಿಕ್ಕಪ್ಪ ಜುಸೆಪ್ಪೆ ಹೆಸರಾಂತ ಸೈಕಲ್ ಸ್ಪರ್ಧಿಯಾಗಿದ್ದರು. ಮೊದಲ ಮಹಾಯುದ್ಧದಲ್ಲಿ ನುವೊಲಾರಿ ಅವರು ಸೇನೆಯ ವಾಹನ ಚಾಲಕರಾಗಿ ಸೇವೆ ಸಲ್ಲಿಸಿದರು. 1920ರಲ್ಲಿ ಮೋಟಾರ್ ಸೈಕಲ್ ಸ್ಪರ್ಧೆಗಿಳಿದಾಗ ಅವರ ವಯಸ್ಸು 27. 1925ರಲ್ಲಿ ಮೊಂಜಾದಲ್ಲಿ ಕಾರು ಪರೀಕ್ಷಿಸುವಾಗ ಅಪಘಾತಕ್ಕೊಳಗಾದರೂ, ಕೆಲವೇ ದಿನಗಳಲ್ಲಿ ಮೈತುಂಬ ಪಟ್ಟಿ ಕಟ್ಟಿಸಿಕೊಂಡು ಅಲ್ಲಿಯೇ ಮೋಟಾರ್ ಸೈಕಲ್ ಸ್ಪರ್ಧೆಯನ್ನು ಗೆದ್ದರು.

ಬೆಟ್ಟದ ಏರುದಾರಿ ಸ್ಪರ್ಧೆಗಳು

ಇಟಲಿಯಲ್ಲಿ ಬೆಟ್ಟದ ಏರುದಾರಿ ಸ್ಪರ್ಧೆಗಳು ಬಹಳ ಜನಪ್ರಿಯವಾಗಿದ್ದವು. ಇವುಗಳಲ್ಲಿ ಕಾರುಗಳನ್ನು ಒಟ್ಟಿಗೆ ಬಿಡದೆ ಒಂದರ ನಂತರ ಒಂದರಂತೆ ಬಿಡಲಾಗುತ್ತದೆ. ಬುಡದಿಂದ ತುದಿಯವರೆಗೆ ಕಡಿಮೆ ಸಮಯ ತೆಗೆದುಕೊಂಡವರೇ ವಿಜೇತರು. ಎದುರಾಳಿ ಕಣ್ಣಿಗೆ ಕಾಣದ ಕಾರಣ ಚಾಲಕನು ಗಡಿಯಾರದೊಡನೆಯೇ ಸೆಣಸಬೇಕು. ಒಂದು ತಿರುವಿನಲ್ಲಿ ಕಳೆದ ಕ್ಷಣವನ್ನು ಮರಳಿ ಪಡೆಯುವುದು ಕಷ್ಟ.

ಟ್ರಿಯೆಸ್ಟೆ ಬಂದರಿನಿಂದ ಕಾರ್ಸೊ ಪ್ರಸ್ಥಭೂಮಿಯ ಮೇಲಿನ ಒಪಿಚೀನಾಕ್ಕೆ ಏರುವ ಸ್ಪರ್ಧೆಯು 1911ರಲ್ಲಿ, ಆ ನಗರವಿನ್ನೂ ಆಸ್ಟ್ರಿಯಾ-ಹಂಗೆರಿಯ ಆಳ್ವಿಕೆಯಲ್ಲಿದ್ದಾಗ, ಆರಂಭವಾಯಿತು. 1930ರ ಜೂನ್‌ನಲ್ಲಿ ನುವೊಲಾರಿ ಅವರು ಆಲ್ಫಾ ರೋಮಿಯೊ ಪಿ2 ಕಾರಿನಲ್ಲಿ ಈ ಸ್ಪರ್ಧೆಯನ್ನು ಗೆದ್ದರು. ಎಂಜೊ ಫೆರಾರಿ ಅವರು ಹಿಂದಿನ ವರ್ಷವಷ್ಟೇ ಸ್ಥಾಪಿಸಿದ್ದ ಸ್ಕುದೆರಿಯಾ ಫೆರಾರಿ ತಂಡಕ್ಕೆ ದೊರೆತ ಮೊದಲ ಜಯವಿದು. 1971ರವರೆಗೆ ಈ ಸ್ಪರ್ಧೆ ನಡೆಯಿತು.

ಪ್ರಮುಖ ಸಾಧನೆಗಳು

1930ರಲ್ಲಿ ಸುಮಾರು 1,600 ಕಿ.ಮೀ. ದೂರದ ಮಿಲ್ಲೆ ಮಿಲ್ಯಾ ಸ್ಪರ್ಧೆಯನ್ನು ಗಂಟೆಗೆ 100 ಕಿ.ಮೀ.ಗೂ ಮೀರಿದ ಸರಾಸರಿ ವೇಗದಲ್ಲಿ ಮುಗಿಸಿದ ಮೊದಲ ವಿಜೇತರಾದರು. 1931 ಮತ್ತು 1932ರಲ್ಲಿ ಸಿಸಿಲಿಯ ಟಾರ್ಗಾ ಫ್ಲೋರಿಯೊ, 1933ರಲ್ಲಿ ರೇಮಂ ಸೊಮ್ಮೆರ್ ಅವರೊಡನೆ ಫ್ರಾನ್ಸಿನ 24 ಗಂಟೆಗಳ ಲ ಮಾನ್ ಸ್ಪರ್ಧೆಗಳನ್ನು ಗೆದ್ದರು.

ಜುಲೈ 28, 1935ರ ಜರ್ಮನ್ ಗ್ರಾಂಡ್ ಪ್ರಿ ಅವರ ಅತ್ಯಂತ ಪ್ರಸಿದ್ಧ ವಿಜಯ. ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ಮರ್ಸಿಡಿಸ್-ಬೆಂಜ್ ಮತ್ತು ಆಟೋ ಯೂನಿಯನ್ ಸಂಸ್ಥೆಗಳ ಹೆಚ್ಚು ಶಕ್ತಿಶಾಲಿ ಕಾರುಗಳ ಎದುರು ಅವರು ಹಳೆಯ ಆಲ್ಫಾ ರೋಮಿಯೊ ಪಿ3 ಓಡಿಸಿದರು. ಇಂಧನದ ಪಂಪು ಕೆಟ್ಟು ಎರಡು ನಿಮಿಷಕ್ಕೂ ಹೆಚ್ಚು ಕಾಲ ನಿಲ್ಲಬೇಕಾಯಿತು. ಮತ್ತೆ ಒಬ್ಬೊಬ್ಬರನ್ನೇ ಹಿಂದಿಕ್ಕಿದರು. ಕೊನೆಯ ಸುತ್ತಿನಲ್ಲಿ ಮುಂದಿದ್ದ ಫಾನ್ ಬ್ರೌಖಿಚ್ ಅವರ ಕಾರಿನ ಟೈರು ಒಡೆದಾಗ ಜಯ ನುವೊಲಾರಿ ಅವರದಾಯಿತು. 1938ರಲ್ಲಿ ಅವರು ಆಟೋ ಯೂನಿಯನ್ ತಂಡವನ್ನೇ ಸೇರಿದರು.

ಕೊನೆಯ ವರ್ಷಗಳು

ಹಿರಿಯ ಮಗ ಜಾರ್ಜೊ 1937ರಲ್ಲಿ, ಕಿರಿಯ ಮಗ ಅಲ್ಬೆರ್ಟೊ 1946ರಲ್ಲಿ, ಇಬ್ಬರೂ 18ನೆಯ ವಯಸ್ಸಿನಲ್ಲಿ ಕಾಯಿಲೆಯಿಂದ ನಿಧನರಾದರು. ಹೊಗೆಯಿಂದ ಶ್ವಾಸಕೋಶ ಹದಗೆಟ್ಟಿದ್ದರೂ ನುವೊಲಾರಿ ಅವರು ಸ್ಪರ್ಧೆಗಳನ್ನು ಬಿಡಲಿಲ್ಲ; 1947ರ ಮಿಲ್ಲೆ ಮಿಲ್ಯಾದಲ್ಲಿ ಎರಡನೆಯವರಾದರು. ಏಪ್ರಿಲ್ 10, 1950ರಂದು ಪಲೆರ್ಮೊದ ಮೊಂಟೆ ಪೆಲ್ಲೆಗ್ರಿನೊ ಏರುದಾರಿ ಸ್ಪರ್ಧೆಯಲ್ಲಿ ಚಿಸಿತಾಲಿಯಾ-ಅಬಾರ್ಥ್ ಕಾರನ್ನು ಓಡಿಸಿ ತಮ್ಮ ವರ್ಗದಲ್ಲಿ ಮೊದಲಿಗರಾಗಿ, ಒಟ್ಟಾರೆ ಐದನೆಯವರಾಗಿ ಮುಗಿಸಿದರು. 57ನೆಯ ವಯಸ್ಸಿನಲ್ಲಿ ಪಾಲ್ಗೊಂಡ ಅದೇ ಅವರ ಕೊನೆಯ ಸ್ಪರ್ಧೆ.

ಪಾರ್ಶ್ವವಾಯುವಿಗೆ ತುತ್ತಾಗಿ ಅವರು 1953ರಲ್ಲಿ ಮಾಂಟುವಾದಲ್ಲಿ ನಿಧನರಾದರು. ಅಂತಿಮ ಯಾತ್ರೆಯಲ್ಲಿ ಸಹಸ್ರಾರು ಜನ ಪಾಲ್ಗೊಂಡರು. ಆ ನಗರದಲ್ಲಿ ಅವರ ಹೆಸರಿನ ವಸ್ತುಸಂಗ್ರಹಾಲಯವಿದೆ.