ಪೀತಜ್ವರವನ್ನು ಗೆದ್ದ ಮ್ಯಾಕ್ಸ್ ಥೈಲರ್

ಮನುಷ್ಯನು ಹುಲಿ ಸಿಂಹಗಳಿಗಿಂತ ಹೆಚ್ಚಾಗಿ ಕಣ್ಣಿಗೆ ಕಾಣದ ರೋಗಾಣುಗಳಿಗೆ ಅಂಜಿ ಬಾಳಿದ್ದಾನೆ. ಆಫ್ರಿಕ ಮತ್ತು ಅಮೆರಿಕ ಖಂಡಗಳನ್ನು ಶತಮಾನಗಳ ಕಾಲ ನಡುಗಿಸಿದ ಪೀತಜ್ವರವು ಅಂಥ ರೋಗಗಳಲ್ಲೊಂದು. ಈ ಜ್ವರವು ಉಲ್ಬಣಿಸಿದಾಗ ರೋಗಿಯ ಕಣ್ಣು, ಚರ್ಮಗಳು ಹಳದಿಯಾಗುತ್ತವೆ. ರಕ್ತ ವಾಂತಿಯಾಗಿ ಪ್ರಾಣಕ್ಕೇ ಅಪಾಯ ಒದಗುತ್ತದೆ. 1881ರಲ್ಲಿ ಫ್ರೆಂಚರು ಆರಂಭಿಸಿದ ಪನಾಮಾ ಕಾಲುವೆಯ ಕೆಲಸ ಅರ್ಧದಲ್ಲಿ ನಿಂತುಹೋಗಲು ಪೀತಜ್ವರ, ಮಲೇರಿಯಗಳ ಹಾವಳಿಯೂ ಒಂದು ಕಾರಣ. 1900ರಲ್ಲಿ ವಾಲ್ಟರ್ ರೀಡ್ ಮತ್ತು ಅವನ ಸಂಗಡಿಗರು ಕ್ಯೂಬಾದಲ್ಲಿ ಪ್ರಯೋಗಗಳನ್ನು ನಡೆಸಿ, ಈ ರೋಗವನ್ನು ಹರಡುವುದು ಸೊಳ್ಳೆಯೆಂದು ತೋರಿಸಿಕೊಟ್ಟರು. ಆದರೆ ರೋಗಕಾರಕವನ್ನು ಗುರುತಿಸುವುದು ಹೇಗೆ, ತಡೆಗಟ್ಟುವುದು ಹೇಗೆ ಎಂಬ ಪ್ರಶ್ನೆಗಳು ಉಳಿದೇ ಇದ್ದವು. ಅವುಗಳಿಗೆ ಉತ್ತರವನ್ನು ಅರಸಿದವರಲ್ಲಿ ಅಗ್ರಗಣ್ಯನು ಮ್ಯಾಕ್ಸ್ ಥೈಲರ್.

ಥೈಲರನು 1899ರ ಜನವರಿ 30ರಂದು ದಕ್ಷಿಣ ಆಫ್ರಿಕದ ಪ್ರಿಟೋರಿಯದಲ್ಲಿ ಜನಿಸಿದನು. ತಂದೆ ಆರ್ನಾಲ್ಡ್ ಥೈಲರ್ ಸ್ವಿಟ್ಜರ್ಲೆಂಡಿನಿಂದ ಬಂದು ನೆಲೆಸಿದ್ದ ಪ್ರಖ್ಯಾತ ಪಶುವೈದ್ಯ. ದನಕರುಗಳ ರೋಗಗಳ ಸಂಶೋಧನೆಯಲ್ಲಿ ಮುಳುಗಿದ್ದ ತಂದೆಯ ಪ್ರಭಾವ ಮಗನ ಮೇಲೆ ಆದುದು ಸಹಜವೇ. ಥೈಲರನು ಕೇಪ್‌ಟೌನಿನಲ್ಲಿಯೂ ಅನಂತರ ಲಂಡನ್ನಿನಲ್ಲಿಯೂ ವೈದ್ಯಶಾಸ್ತ್ರವನ್ನು ಅಭ್ಯಾಸ ಮಾಡಿ, 1922ರಲ್ಲಿ ಅಮೆರಿಕಕ್ಕೆ ತೆರಳಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಉಷ್ಣವಲಯ ವೈದ್ಯ ವಿಭಾಗವನ್ನು ಸೇರಿದನು.

ಆ ಕಾಲದಲ್ಲಿ ನೊಗುಚಿ ಎಂಬ ಜಪಾನೀ ವಿಜ್ಞಾನಿಯು ಪೀತಜ್ವರಕ್ಕೆ ಸುರುಳಿಯಾಕಾರದ ಒಂದು ಬ್ಯಾಕ್ಟೀರಿಯ ಕಾರಣವೆಂದು ಸಾರಿದ್ದನು. ಥೈಲರನೂ ಅವನ ಸಹೋದ್ಯೋಗಿ ಸೆಲ್ಲಾರ್ಡ್ಸನೂ 1926ರಲ್ಲಿ ಆ ಬ್ಯಾಕ್ಟೀರಿಯವನ್ನು ಪರೀಕ್ಷಿಸಿ, ಅದು ಇಲಿಜ್ವರವೆಂಬ ಬೇರೊಂದು ರೋಗದ್ದೆಂದು ತೋರಿಸಿದರು. ಮರುವರ್ಷ ಪಶ್ಚಿಮ ಆಫ್ರಿಕದಲ್ಲಿ ಏಡ್ರಿಯನ್ ಸ್ಟೋಕ್ಸ್ ಮತ್ತು ಅವನ ಜೊತೆಗಾರರು ಅಸಿಬಿ ಎಂಬ ರೋಗಿಯ ರಕ್ತವನ್ನು ಭಾರತದಿಂದ ತರಿಸಿದ್ದ ಕೋತಿಗಳಿಗೆ ಚುಚ್ಚಿದಾಗ ಅವುಗಳಿಗೂ ಜ್ವರ ಬಂದಿತು. ರೋಗಕಾರಕವು ಸೂಕ್ಷ್ಮದರ್ಶಕಕ್ಕೂ ಕಾಣದ ವೈರಸ್ ಎಂಬುದು ಸ್ಥಿರಪಟ್ಟಿತು. ಆದರೆ ಈ ಜ್ಞಾನಕ್ಕೆ ತೆತ್ತ ಬೆಲೆ ದೊಡ್ಡದು. 1927ರಲ್ಲಿ ಸ್ಟೋಕ್ಸನೂ 1928ರಲ್ಲಿ ನೊಗುಚಿಯೂ ಅದೇ ಜ್ವರಕ್ಕೆ ಬಲಿಯಾದರು. 1929ರಲ್ಲಿ ಥೈಲರನಿಗೂ ಪ್ರಯೋಗಾಲಯದಲ್ಲಿಯೇ ರೋಗ ತಗುಲಿತು. ಅದೃಷ್ಟವಶಾತ್ ಅವನು ಚೇತರಿಸಿಕೊಂಡನು. ಮತ್ತೆ ಅದೇ ಕೆಲಸಕ್ಕೆ ಮರಳಿದನು.

ಕೋತಿಗಳು ಬಹು ದುಬಾರಿ. ನೂರಾರು ಪರೀಕ್ಷೆಗಳಿಗೆ ಅವುಗಳನ್ನು ಒದಗಿಸುವುದು ಅಸಾಧ್ಯವಾಗಿತ್ತು. ಥೈಲರನು ಸಾಮಾನ್ಯವಾದ ಬಿಳಿ ಇಲಿಗಳತ್ತ ದೃಷ್ಟಿ ಹರಿಸಿದನು. ಇಲಿಯ ಮಿದುಳಿಗೆ ವೈರಸನ್ನು ಚುಚ್ಚಿದರೆ ಅದು ಮಿದುಳಿನ ಉರಿಯೂತದಿಂದ ಸಾಯುವುದೆಂದು 1930ರಲ್ಲಿ ಪ್ರಕಟಿಸಿದನು. ಆ ವರ್ಷವೇ ಅವನು ನ್ಯೂಯಾರ್ಕಿನ ರಾಕ್‌ಫೆಲರ್ ಪ್ರತಿಷ್ಠಾನವನ್ನು ಸೇರಿದನು.

ಇಲಿಗಳ ಈ ಪ್ರಯೋಗದಿಂದ ಒಂದು ಅಮೂಲ್ಯ ಪರೀಕ್ಷೆ ರೂಪುಗೊಂಡಿತು. ವೈರಸ್ ದೇಹವನ್ನು ಹೊಕ್ಕಾಗ ಅದನ್ನು ಎದುರಿಸಲು ರಕ್ತದಲ್ಲಿ ಪ್ರತಿಕಾಯಗಳು ಹುಟ್ಟುತ್ತವೆ. ಬೀಗಕ್ಕೆ ಬೀಗದ ಕೈ ಹೊಂದುವಂತೆ, ಒಂದು ವೈರಸ್ಸಿಗೆ ಹುಟ್ಟಿದ ಪ್ರತಿಕಾಯ ಆ ವೈರಸ್ಸಿಗೇ ಚೆನ್ನಾಗಿ ಹೊಂದುತ್ತದೆ. ರೋಗ ವಾಸಿಯಾದ ಮೇಲೂ ಬಹುಕಾಲ ಉಳಿಯುತ್ತದೆ. ರಕ್ತ ಹೆಪ್ಪುಗಟ್ಟಿದ ಬಳಿಕ ಉಳಿಯುವ ತಿಳಿದ್ರವವಾದ ಸೀರಮನ್ನು ವೈರಸ್ಸಿನೊಡನೆ ಬೆರೆಸಿ ಇಲಿಗೆ ಚುಚ್ಚಬೇಕು. ಇಲಿ ಬದುಕಿದರೆ ಆ ಸೀರಮಿನಲ್ಲಿ ಪ್ರತಿಕಾಯಗಳಿವೆ, ಎಂದರೆ ಆ ವ್ಯಕ್ತಿಗೆ ಹಿಂದೆ ಪೀತಜ್ವರ ಬಂದಿತ್ತು ಎಂದರ್ಥ. ಇಲಿ ಸತ್ತರೆ ಪ್ರತಿಕಾಯಗಳಿಲ್ಲವೆಂದು ತಿಳಿಯಬೇಕು. ಈ ಬಗೆಯ ಪರೀಕ್ಷೆಯ ನೆರವಿನಿಂದ ವಿಜ್ಞಾನಿಗಳು ಆಫ್ರಿಕ, ದಕ್ಷಿಣ ಅಮೆರಿಕಗಳಲ್ಲಿ ರೋಗವು ಎಲ್ಲೆಲ್ಲಿ ಹರಡಿತ್ತೆಂಬ ನಕ್ಷೆಯನ್ನೇ ಸಿದ್ಧಪಡಿಸಿದರು.

ಥೈಲರನು ಇಷ್ಟಕ್ಕೇ ತೃಪ್ತನಾಗಲಿಲ್ಲ. ವೈರಸ್ಸಿನ ಉಗ್ರತೆಯನ್ನು ಕುಗ್ಗಿಸಿ, ಅದರಿಂದಲೇ ದೇಹದಲ್ಲಿ ಪ್ರತಿಕಾಯಗಳನ್ನು ಹುಟ್ಟಿಸಬೇಕೆಂಬುದು ಅವನ ಗುರಿಯಾಗಿತ್ತು. ಅಸಿಬಿಯ ರಕ್ತದಿಂದ ದೊರೆತ ವೈರಸನ್ನು ಅವನು ಮೊದಲು ಇಲಿಯ ಭ್ರೂಣದ ಅಂಗಾಂಶದಲ್ಲಿಯೂ ಬಳಿಕ ಕೋಳಿಯ ಭ್ರೂಣದ ಅಂಗಾಂಶದಲ್ಲಿಯೂ ಬೆಳೆಸಿದನು. ಒಂದು ಪಾತ್ರೆಯಿಂದ ಮತ್ತೊಂದಕ್ಕೆ ನೂರಾರು ಬಾರಿ ವರ್ಗಾಯಿಸುತ್ತ ಹೋದಾಗ ಅದರ ಉಗ್ರತೆ ಕುಗ್ಗಿಹೋಯಿತು; ಪ್ರತಿಕಾಯಗಳನ್ನು ಹುಟ್ಟಿಸುವ ಗುಣ ಮಾತ್ರ ಉಳಿಯಿತು. ಹ್ಯೂ ಸ್ಮಿತ್ ಎಂಬ ಸಹೋದ್ಯೋಗಿಯೊಡನೆ 1937ರಲ್ಲಿ ಅವನು ಪ್ರಕಟಿಸಿದ ಈ ಲಸಿಕೆಗೆ 17ಡಿ ಎಂದು ಹೆಸರು. ಅದೇ ವರ್ಷ ಬ್ರೆಜಿಲ್ಲಿನಲ್ಲಿ ಅದನ್ನು ಜನರಿಗೆ ಹಾಕಲು ಆರಂಭಿಸಿದರು. 1940ರಿಂದ 1947ರವರೆಗೆ ರಾಕ್‌ಫೆಲರ್ ಪ್ರತಿಷ್ಠಾನವು 2 ಕೋಟಿ 80 ಲಕ್ಷಕ್ಕೂ ಹೆಚ್ಚು ಲಸಿಕೆಗಳನ್ನು ತಯಾರಿಸಿತು. ಈ ಸಾಧನೆಗಾಗಿ 1951ರಲ್ಲಿ ಥೈಲರನಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಅನಂತರ ಅವನ ಗಮನವು ಸೊಳ್ಳೆ, ಉಣುಗುಗಳ ಮೂಲಕ ಹರಡುವ ಇತರ ವೈರಸ್ಸುಗಳ ಕಡೆಗೆ ಹರಿಯಿತು. ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ 1952ರಲ್ಲಿ ಪುಣೆಯಲ್ಲಿ ವೈರಸ್ ಸಂಶೋಧನ ಕೇಂದ್ರವು ಸ್ಥಾಪನೆಯಾಯಿತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಕೋತಿಗಳು ಸತ್ತು ಬಿದ್ದು, ಜನರಿಗೂ ಜ್ವರ ಬಂದಾಗ, ಅದು ಉಣುಗಿನಿಂದ ಹರಡುವ ಹೊಸ ವೈರಸ್ಸಿನ ರೋಗವೆಂದು ಕಂಡುಹಿಡಿದವರು ಈ ಕೇಂದ್ರದ ವಿಜ್ಞಾನಿಗಳೇ. ಮಲೆನಾಡಿನ ಜನ ಮಂಗನ ಕಾಯಿಲೆಯೆನ್ನುವ ಆ ರೋಗದ ವೈರಸ್ಸು ಯಾವ ಕುಲಕ್ಕೆ ಸೇರಿದ್ದೆಂಬುದನ್ನು ಗುರುತಿಸಲು ಅಲ್ಲಿಯೂ ಪ್ರತಿಕಾಯಗಳೇ ನೆರವಾದವು.

ಥೈಲರನು 1964ರಲ್ಲಿ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕನಾದನು. 1972ರ ಆಗಸ್ಟ್ 11ರಂದು ನ್ಯೂಹೇವನ್ನಿನಲ್ಲಿ ನಿಧನ ಹೊಂದಿದನು. ಅವನ ಲಸಿಕೆ ಇಂದಿಗೂ ಬಳಕೆಯಲ್ಲಿದೆ. ಪೀತಜ್ವರಕ್ಕೆ ಇಂದಿಗೂ ನಿರ್ದಿಷ್ಟವಾದ ಮದ್ದಿಲ್ಲದಿರುವುದರಿಂದ ಈ ಲಸಿಕೆಯೇ ಜನರಿಗೆ ರಕ್ಷೆ. ಸಹೋದ್ಯೋಗಿಗಳನ್ನು ಕಬಳಿಸಿದ, ತನ್ನನ್ನೂ ಹಾಸಿಗೆ ಹಿಡಿಸಿದ ರೋಗಕ್ಕೆ ಬೆನ್ನು ತೋರದೆ, ಅದರ ವೈರಸ್ಸನ್ನೇ ಪಳಗಿಸಿ ಜನರ ರಕ್ಷಣೆಗೆ ನಿಲ್ಲಿಸಿದ ಥೈಲರನ ಹೆಸರು ಚಿರಸ್ಮರಣೀಯವಾದುದು.